ತೋರಿಸುವಷ್ಟರಲ್ಲಿ ನಿಂತುಹೋಗುತ್ತಿದ್ದ ಬಡಿತ

ಧರ್ಮಪುರಿ ಹತ್ತಿರದ ಪಾಲಕೋಡಿನ ತಾಲ್ಲೂಕು ಕಚೇರಿಯ ಎದುರಿನ ಸಾಲಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಒಂದು ಜೆರಾಕ್ಸ್ ಯಂತ್ರ, ಒಂದು ಕಂಪ್ಯೂಟರು, ಲ್ಯಾಮಿನೇಷನ್ ಮಾಡುವ ಪೆಟ್ಟಿಗೆ, ಮತ್ತು ನಾನು. ಬೆಳಗಿನಿಂದ ಸಂಜೆಯವರೆಗೆ ಜನ ಬರುತ್ತಲೇ ಇರುತ್ತಾರೆ. ಆಧಾರ್ ಕಾರ್ಡು, ರೇಷನ್ ಕಾರ್ಡು, ಜಮೀನಿನ ಪಟ್ಟಾ, ತೀರಿಕೊಂಡವರ ಸರ್ಟಿಫಿಕೇಟು. ಎಲ್ಲರಿಗೂ ಅವಸರ. "ಅಕ್ಕಾ, ರೆಂಡು ಕಾಪಿ" ಎಂದು ತಮಿಳಿನಲ್ಲಿ ಎರಡು ಪ್ರತಿ ಕೇಳಿ ಕಾಗದ ಚಾಚುತ್ತಾರೆ, ಪ್ರತಿ ಬಂದ ಕೂಡಲೇ ಕಚೇರಿಯ ಕಡೆ ಓಡುತ್ತಾರೆ. ನನ್ನ ಮುಖ ನೋಡಿ ಮಾತಾಡಿದವರು ಬಹಳ ಕಡಿಮೆ. ಅದು ಅವರ ತಪ್ಪಲ್ಲ.

ಮೊದಲ ಸಲ ಅದು ಬಂದದ್ದು ಅಲ್ಲಿಯೇ. ಒಂದು ಮಧ್ಯಾಹ್ನ ಯಂತ್ರದ ಮುಚ್ಚಳ ಎತ್ತಿ ಕಾಗದ ತಿರುಗಿಸಿಡಲು ಬಗ್ಗಿದೆ. ಎದೆಯೊಳಗೆ ಏನೋ ಒಮ್ಮೆ ತಪ್ಪಿದಂತಾಯಿತು. ಮೆಟ್ಟಿಲಿದೆ ಎಂದುಕೊಂಡು ಕಾಲಿಟ್ಟಾಗ ಮೆಟ್ಟಿಲಿಲ್ಲದಿದ್ದರೆ ಆಗುತ್ತದಲ್ಲ, ಹಾಗೆ. ಮರುಕ್ಷಣ ಎದೆ ಓಡತೊಡಗಿತು. ಮೆಲ್ಲಗೆ ಏರಿದ್ದಲ್ಲ, ಸ್ವಿಚ್ ಒತ್ತಿದ ಹಾಗೆ ಒಮ್ಮೆಗೇ ಶುರುವಾದದ್ದು. ಬಡಿತ ಎದೆಯಲ್ಲಿ ಮಾತ್ರ ಇರಲಿಲ್ಲ, ಕುತ್ತಿಗೆಯಲ್ಲೂ ಹೊಡೆದುಕೊಳ್ಳುತ್ತಿತ್ತು. ಎಣಿಸಲಾಗದಷ್ಟು ವೇಗ. ಕಣ್ಣಿನ ಮುಂದೆ ಬೆಳಕು ತೆಳ್ಳಗಾಯಿತು. ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ.

ಎದುರಿಗೆ ನಿಂತಿದ್ದವರು ಟೊಮೆಟೊ ಮಂಡಿಯಿಂದ ಬಂದ ಒಬ್ಬ ಹಿರಿಯರು. "ಏನಮ್ಮಾ, ಕರೆಂಟ್ ಹೋಯಿತಾ?" ಎಂದು ತಮಿಳಿನಲ್ಲಿ ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ. ಅವರ ಕಾಗದ ಮುಗಿಸಿ ಕೊಟ್ಟೆ. ಅವರು ಹೋದ ಮೇಲೆ ಸ್ಟೂಲಿನ ಮೇಲೆ ಕುಳಿತೆ. ಸ್ವಲ್ಪ ಹೊತ್ತಿಗೆ ಅದು ಬಂದ ಹಾಗೆಯೇ ನಿಂತಿತು, ಒಮ್ಮೆಗೇ. ಆಮೇಲೆ ಎಷ್ಟು ನಿಶ್ಶಬ್ದವಾಯಿತೆಂದರೆ ನನಗೆ ಅದೇ ಇನ್ನೊಂದು ಹೆದರಿಕೆಯಾಯಿತು. ಎದೆ ಬಡಿಯುತ್ತಿದೆಯೋ ಇಲ್ಲವೋ ಎಂದು ಕೈ ಇಟ್ಟು ನೋಡಿಕೊಂಡೆ.

ಆಗ ಮನೆಯಲ್ಲಿ ನಾನೊಬ್ಬಳೇ ಇರುತ್ತಿದ್ದೆ. ಈಗಲೂ ಹೆಚ್ಚು ದಿನ ಹಾಗೆಯೇ. ನನ್ನ ಗಂಡ ಬೋರ್‌ವೆಲ್ ಲಾರಿಯಲ್ಲಿ ಕೆಲಸ ಮಾಡುತ್ತಾರೆ, ಭೂಮಿ ಕೊರೆಯುವ ಯಂತ್ರ ನಡೆಸುವ ಕೆಲಸ. ನಮ್ಮ ಕಡೆಯ ಬೋರ್ ಲಾರಿಗಳು ದೇಶವೆಲ್ಲ ಸುತ್ತುತ್ತವೆ. ಹೋದರೆ ತಿಂಗಳುಗಟ್ಟಲೆ ಮಧ್ಯಪ್ರದೇಶ, ಛತ್ತೀಸ್‌ಗಢ, ಒಮ್ಮೊಮ್ಮೆ ಅದಕ್ಕೂ ಆಚೆ. ಮಗ ಕೊಯಮತ್ತೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ. ಅವನು ಫೋನು ಮಾಡಿದರೆ ತಮಿಳಿನಲ್ಲೇ ಮಾತು. ಕನ್ನಡ ಅವನಿಗೆ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ನಾನು ಹುಟ್ಟಿದ್ದು ಹೊಸೂರಿನಾಚೆಯ ಗಡಿಯ ಹಳ್ಳಿಯಲ್ಲಿ. ಅಲ್ಲಿ ಕನ್ನಡ ಶಾಲೆಯಲ್ಲಿ ಓದಿದವಳು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ನನ್ನ ಓದಿನ ಕನ್ನಡಕ್ಕೆ ಕೆಲಸವೇ ಇರಲಿಲ್ಲ. ಈಗ ಬರೆಯುತ್ತಿರುವ ಇದನ್ನು ಓದಬಲ್ಲವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಆ ದಿನ ಸಂಜೆ ಗಂಡನ ಫೋನು ಬಂದಾಗ ಅದರ ಹಿಂದೆ ಯಂತ್ರ ಕೊರೆಯುವ ಸದ್ದು.

"ಉಂಡ್ಯಾ?" ಅಂದರು.

"ಉಂಡೆ. ನೀವು?"

"ಆಯ್ತು. ಇಲ್ಲಿ ಕಲ್ಲು ಸಿಕ್ಕೈತೆ, ನೀರಿಲ್ಲ. ಏನಾರ ವಿಸ್ಯ ಐತಾ?"

ಏನೂ ಇಲ್ಲವೆಂದೆ. ಎದೆ ಓಡಿತು ಎಂದು ಹೇಳಿದರೆ ಅವರು ಅಲ್ಲಿಂದ ಏನು ಮಾಡಿಯಾರು? ಅಲ್ಲದೆ ಹೇಳಲು ನನ್ನಲ್ಲಿ ಸರಿಯಾದ ಮಾತೂ ಇರಲಿಲ್ಲ.

ಅದು ಮತ್ತೆ ಬಂತು. ಕೆಲವೊಮ್ಮೆ ವಾರಗಳ ಮೇಲೆ, ಕೆಲವೊಮ್ಮೆ ಒಂದೇ ವಾರದಲ್ಲಿ ಎರಡು ಸಲ. ಬಟ್ಟೆ ಒಗೆಯಲು ಬಗ್ಗಿದಾಗ, ಪಾತ್ರೆ ಎತ್ತಿದಾಗ, ಏನೂ ಮಾಡದೆ ಸುಮ್ಮನೆ ಕುಳಿತಾಗಲೂ. ನಿಂತ ಮೇಲೆ ಮೈ ಸೋತು ಹೋಗುತ್ತಿತ್ತು, ಮೂತ್ರಕ್ಕೆ ಬಚ್ಚಲಿಗೆ ಓಡಬೇಕಾಗುತ್ತಿತ್ತು. ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕುವುದನ್ನು ಬಿಟ್ಟೆ. ಬಿದ್ದರೆ ಯಾರಾದರೂ ಒಳಗೆ ಬರಲಿ ಎಂದು. ಅಕ್ಕಪಕ್ಕದವರು ಒಳ್ಳೆಯವರೇ, ಆದರೆ ಅವರ ಮನೆಯ ಟಿವಿ ಸದ್ದಿನಲ್ಲಿ ನಾನು ಕೂಗಿದರೂ ಕೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಂಗಡಿ ತೆರೆಯದೆ ಪಕ್ಕದ ಬೀದಿಯ ಆಸ್ಪತ್ರೆಗೆ ಹೋದೆ. ಡಾಕ್ಟರು ವಯಸ್ಸಾದವರು, ಸಮಾಧಾನದ ಮನುಷ್ಯ. "ಎನ್ನಮ್ಮಾ ಪಣ್ಣುದು?" ಏನಾಗುತ್ತಿದೆ ಎಂದು ಕೇಳಿದರು. ತಮಿಳಿನಲ್ಲಿ ಇದಕ್ಕೆ ಎಲ್ಲರೂ ಹೇಳುವ ಮಾತು ಪಡಪಡಪ್ಪು. ನಾನೂ ಅದನ್ನೇ ಹೇಳಿದೆ. ಆ ಒಂದೇ ಮಾತಿನಲ್ಲಿ ಎದೆ ಹೊಡೆದುಕೊಳ್ಳುವುದೂ ಬರುತ್ತದೆ, ಗಾಬರಿಯೂ ಬರುತ್ತದೆ, ಕೈಕಾಲು ನಡುಗುವುದೂ ಬರುತ್ತದೆ. ನಾನು ಎದೆಯ ಬಗ್ಗೆ ಹೇಳಿದೆ, ಅವರು ಗಾಬರಿಯ ಬಗ್ಗೆ ಕೇಳಿಸಿಕೊಂಡರು.

"ಮನೆಯಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ ಸಾರ್. ಗಂಡ ಬೋರ್ ಲಾರಿ."

"ಮಕ್ಕಳು?"

"ಹಾಸ್ಟೆಲು."

ಅವರು ಕನ್ನಡಕ ತೆಗೆದು ನನ್ನ ಕಡೆ ನೋಡಿದರು. ಇಸಿಜಿ ತೆಗೆದರು. ನಾನು ಆ ಮಂಚದ ಮೇಲೆ ಮಲಗಿದ್ದಾಗ ಎದೆ ಸಾಧುವಾಗಿ ಬಡಿಯುತ್ತಿತ್ತು. ಕಾಗದದ ಮೇಲೆ ಎಲ್ಲ ಸರಿಯಾಗಿತ್ತು. ರಕ್ತ ಪರೀಕ್ಷೆ ಮಾಡಿಸಿದರು, ಥೈರಾಯ್ಡ್ ನೋಡಿದರು. ರಕ್ತ ಕಡಿಮೆಯಾದರೂ, ಥೈರಾಯ್ಡ್ ಹೆಚ್ಚಾದರೂ ಎದೆ ಜೋರಾಗಿ ಬಡಿಯುತ್ತದಂತೆ. ಅವೆರಡೂ ಸರಿಯಾಗಿದ್ದವು. ಕಾಫಿ ಕಡಿಮೆ ಮಾಡಿ ಅಂದರು. ಕೊನೆಗೆ, "ಟೆನ್ಷನ್‌ದಾನಮ್ಮಾ, ಬರೀ ಟೆನ್ಷನ್. ಒಬ್ಬರೇ ಇರುತ್ತೀರಲ್ಲ, ಅದಕ್ಕೆ" ಎಂದು ನಿದ್ದೆಗೆ ಒಂದು ಮಾತ್ರೆ ಬರೆದುಕೊಟ್ಟರು.

ಕಾಫಿ ಬಿಟ್ಟೆ. ಮಾತ್ರೆ ನುಂಗಿದೆ. ಅದು ಬರುವುದು ಬಿಡಲಿಲ್ಲ. ಧರ್ಮಪುರಿಗೆ ಹೋಗಿ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿದೆ. ಅಲ್ಲಿ ಎದೆಗೆ ವೈರುಗಳನ್ನು ಅಂಟಿಸಿ, ಸೊಂಟಕ್ಕೆ ಸಣ್ಣ ಯಂತ್ರವೊಂದನ್ನು ಕಟ್ಟಿ, ಒಂದಿಡೀ ದಿನ ಹಾಗೇ ಇರಿ ಎಂದರು. ಬಡಿತವೆಲ್ಲ ಅದರಲ್ಲಿ ದಾಖಲಾಗುತ್ತದಂತೆ. ಆ ದಿನ ನಾನು ಅದನ್ನು ಬೇಕೆಂದೇ ಕರೆದೆ. ಬೇಕೆಂದೇ ಬಗ್ಗಿದೆ, ಬಿಂದಿಗೆ ಹೊತ್ತೆ, ಮಹಡಿ ಹತ್ತಿ ಇಳಿದೆ. ಬರಲಿಲ್ಲ. ಯಂತ್ರ ಬಿಚ್ಚಿಕೊಟ್ಟ ಮರುದಿನ ಅಂಗಡಿಯ ಬೀಗ ತೆಗೆಯುವಾಗ ಬಂತು. ಬಾಗಿಲ ಮುಂದೆಯೇ ಕುಳಿತು ಅತ್ತೆ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಕ್ಕರೆ ಮಿಲ್ಲಿನ ಕಡೆ ಸಾಗುತ್ತಿದ್ದವು. ಯಾರೂ ನಿಲ್ಲಿಸಲಿಲ್ಲ. ಅಂಗಡಿಯ ಮುಂದೆ ಹೆಂಗಸೊಬ್ಬಳು ಕುಳಿತಿದ್ದಾಳೆ, ಅಷ್ಟೇ.

ನಿಧಾನವಾಗಿ ನಾನೇ ಡಾಕ್ಟರ ಮಾತನ್ನು ನಂಬತೊಡಗಿದೆ. ಒಬ್ಬಳೇ ಇರುವುದಕ್ಕೇ ಹೀಗಾಗುತ್ತಿದೆ, ಗಂಡ ಬಂದರೆ, ಮನೆ ತುಂಬಿದರೆ ನಿಂತುಹೋಗುತ್ತದೆ ಎಂದುಕೊಂಡೆ. ಹಾಗೆ ನಂಬುವುದರಲ್ಲಿ ಒಂದು ಸುಖವೂ ಇತ್ತು. ಪೊಂಗಲ್ ಹತ್ತಿರವಾಗುತ್ತಿತ್ತು.

ಪೊಂಗಲ್‌ಗೆ ಗಂಡ ಬಂದರು, ಮಗ ಬಂದ. ಗಂಡನ ಅಕ್ಕನೂ ಬಂದರು. ಅತ್ತಿಗೆ ಇರುವುದು ಪಾಲಕೋಡಿನಿಂದ ಒಳಗೆ, ಬೆಟ್ಟದ ಬುಡದ ಹಳ್ಳಿಯಲ್ಲಿ. ಕುರಿ ಸಾಕುತ್ತಾರೆ. ಅವರ ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಗಟ್ಟಿ ಧ್ವನಿ, ನೇರ ಮಾತು. ತಮ್ಮನೆಂದರೆ ಪ್ರಾಣ. ನಾನೆಂದರೆ ಅಷ್ಟಕ್ಕಷ್ಟೆ.

ಹಬ್ಬದ ಮರುದಿನ, ದನಗಳಿಗೆ ಪೂಜೆ ಮಾಡುವ ಮಾಟ್ಟು ಪೊಂಗಲ್‌ನ ದಿನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಡನ ಸ್ನೇಹಿತರು, ಅವರ ಹೆಂಡತಿಯರು, ಮಕ್ಕಳು. ನಾನು ನಗುತ್ತಾ ಬಡಿಸುತ್ತಿದ್ದೆ. ಅಷ್ಟು ಖುಷಿಯಾಗಿದ್ದು ಎಷ್ಟೋ ಕಾಲವಾಗಿತ್ತು. ಸಾರಿನ ಪಾತ್ರೆ ಕೆಳಗಿಡಲು ಬಗ್ಗಿದಾಗ ಎದೆಯಲ್ಲಿ ಮೆಟ್ಟಿಲು ತಪ್ಪಿತು. ಓಟ ಶುರುವಾಯಿತು. ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕುಳಿತೆ. ಒಳಗೆ ಎಲ್ಲರೂ ನಗುತ್ತಿದ್ದರು. ಆಗ ಅನ್ನಿಸಿದ್ದು ಇದೇ: ಮನೆ ತುಂಬ ಜನರಿದ್ದರೂ ಇದು ಬರುತ್ತದೆ, ಹಾಗಾದರೆ ಇನ್ನು ಯಾವುದಕ್ಕೆ ಕಾಯಲಿ? ಒಬ್ಬಳೇ ಇದ್ದ ದಿನಗಳಲ್ಲಿ ನನಗೆ ಅಷ್ಟು ಒಂಟಿತನ ಆಗಿರಲಿಲ್ಲ.

ಗಂಡ ಹುಡುಕಿಕೊಂಡು ಬಂದರು. "ಏನಾಯ್ತು?" ಎಂದು ಕೈ ಹಿಡಿಯುವಷ್ಟರಲ್ಲಿ ನಿಂತುಹೋಯಿತು. ಅವರು ನಾಡಿ ನೋಡಿದರು. "ಸರ್ಯಾಗೇ ಐತಲ್ಲೇ" ಅಂದರು. ಹಿಂದೆಯೇ ಅತ್ತಿಗೆ ನಿಂತಿದ್ದರು.

"ಅವ್ಳಿಗೇನಾಗ್ತೈತೆ? ನೀನು ಬಂದಾಗ್ಲೇ ಇವೆಲ್ಲಾ. ಊರಾಚೆ ದುಡ್ಯೋನ ಮುಂದೆ ಎದೆ ಇಡ್ಕೊಂಡು ಕುಂತ್ರೆ ಅವ್ನು ಎಂಗೆ ಓಗ್ಬೇಕು?"

ನಾನು ಎಂದೂ ಎದುರು ಮಾತಾಡಿದವಳಲ್ಲ. ಆ ದಿನ ಮಾತು ಬಂತು. "ನಾಟಕ ಆಡೋಕೆ ನಂಗೇನು ಗ್ರಾಚಾರ ಅತ್ತಿಗೆ? ನಿಮ್ಮೆದೆ ಇಂಗೆ ಒಡ್ಕೊಂಡಿದ್ರೆ ಗೊತ್ತಾಗ್ತಿತ್ತು" ಅಂದೆ.

ಅತ್ತಿಗೆಯ ಮುಖ ಬಿಗಿಯಿತು. ಅವರು ಏನೋ ಹೇಳಲು ಹೋಗಿ ನಿಲ್ಲಿಸಿದರು. ಅದೇ ಸಂಜೆಯ ಬಸ್ಸಿಗೆ ಹೊರಟುಹೋದರು. ಆಮೇಲೆ ನಮ್ಮಿಬ್ಬರ ನಡುವೆ ಮಾತಿಲ್ಲ. ಗಂಡ ಮತ್ತೆ ಲಾರಿ ಹತ್ತಿದರು. ಹೋಗುವಾಗ, "ದೊಡ್ಡ ಡಾಕ್ಟ್ರತ್ರ ತೋರ್ಸು, ಎದುರ್ಕೋಬೇಡ" ಅಂದರು.

ಬೇಸಿಗೆಯ ಶುರುವಿನಲ್ಲಿ ಜೆರಾಕ್ಸ್ ಯಂತ್ರ ಕಪ್ಪು ಗೆರೆ ಎಳೆಯತೊಡಗಿತು. ಅದರೊಳಗಿನ ಡ್ರಮ್ಮು ಬದಲಾಯಿಸಬೇಕು, ಅದು ಸಿಗುವುದು ಸೇಲಂನಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಊರು ದಾಟಿ ಸ್ವಲ್ಪ ದೂರ ಹೋದ ಮೇಲೆ ಚೀಲ ಸರಿಪಡಿಸಲು ಬಗ್ಗಿದೆ. ಬಂತು. ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಕಾದೆ. ನಿಲ್ಲಲಿಲ್ಲ. ಒಂದೊಂದೇ ಊರು ಹಿಂದೆ ಸರಿಯಿತು. ಬೆವರಿನಿಂದ ರವಿಕೆ ಅಂಟಿಕೊಂಡಿತು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ನನ್ನ ಕುತ್ತಿಗೆ ನೋಡಿ, "ಅಯ್ಯೋ, ಇಲ್ಲಿ ಏನೋ ಹಾರುತ್ತಿದೆಯಲ್ಲ" ಎಂದು ಕಂಡಕ್ಟರನ್ನು ಕರೆದಳು.

ಅದಿಯಮಾನ್‌ಕೋಟೆಯಲ್ಲಿ ರಸ್ತೆಯ ಪಕ್ಕ ಒಂದು ಸಣ್ಣ ಆಸ್ಪತ್ರೆ. ಕಂಡಕ್ಟರು ಬಸ್ಸನ್ನು ಅದರ ಮುಂದೆಯೇ ನಿಲ್ಲಿಸಿ, ತೋಳು ಹಿಡಿದು ಇಳಿಸಿ, ಒಳಗಿನವರಿಗೆ ಒಪ್ಪಿಸಿ ಹೋದರು. ಬಸ್ಸು ಹೊರಟ ಸದ್ದು ಕೇಳಿಸಿತು.

ಅಲ್ಲಿದ್ದದ್ದು ಒಬ್ಬ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಮಣಿಕಟ್ಟು ಹಿಡಿದರು. ಹಿಡಿದವರು ಒಮ್ಮೆ ನನ್ನ ಮುಖ ನೋಡಿದರು. "ಮಾತಾಡಬೇಡಿ, ಅಲ್ಲಾಡಬೇಡಿ" ಎಂದು ಮಲಗಿಸಿದರು. ನರ್ಸು ಇಸಿಜಿ ಯಂತ್ರವನ್ನು ತಳ್ಳಿಕೊಂಡು ಬಂದಳು. ತಣ್ಣನೆಯ ಬಿಲ್ಲೆಗಳನ್ನು ಎದೆಗೆ ಅಂಟಿಸುತ್ತಿದ್ದಾಗ ನಾನು ಮನಸ್ಸಿನಲ್ಲಿ ಬೇಡಿಕೊಂಡೆ. ನಿಲ್ಲದಿರಲಿ, ಇನ್ನು ಸ್ವಲ್ಪ ಹೊತ್ತು ನಿಲ್ಲದಿರಲಿ. ಅದು ನಿಲ್ಲಲಿ ಎಂದು ಅಷ್ಟು ದಿನ ಬೇಡಿದವಳು ನಾನೇ.

ಕಾಗದ ಹೊರಗೆ ಬರತೊಡಗಿತು. ಡಾಕ್ಟರು ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಅವರ ಮುಖದಲ್ಲಿ ನಗು ಬಂತು.

"ಕೆಡಚ್ಚಿರುಚ್ಚು" ಅಂದರು. ಸಿಕ್ಕಿಬಿಟ್ಟಿತು ಎಂದು.

ಆಮೇಲೆ ನನ್ನನ್ನು ಎಬ್ಬಿಸಿ ಕೂರಿಸಿ, ಕೈಗೆ ಸೂಜಿಯಿಲ್ಲದ ಒಂದು ಸಿರಿಂಜು ಕೊಟ್ಟು, ಅದರ ತುದಿಯನ್ನು ಬಾಯಿಗಿಟ್ಟು ಒಳಗಿನ ಕಡ್ಡಿ ಸರಿಯುವ ಹಾಗೆ ಬಲವಾಗಿ ಊದಿ ಅಂದರು. ಊದಿದೆ. ತಕ್ಷಣ ನನ್ನನ್ನು ಹಿಂದಕ್ಕೆ ಒರಗಿಸಿ, ನರ್ಸು ಎರಡೂ ಕಾಲುಗಳನ್ನು ಮೇಲಕ್ಕೆತ್ತಿ ಹಿಡಿದಳು. ಎದೆಯೊಳಗೆ ಒಂದು ದೊಡ್ಡ ಹೊಡೆತ, ಒಂದು ಬಿಡುವು, ಮತ್ತೆ ಹೊಡೆತ, ಆಮೇಲೆ ಸಾಧಾರಣ ಬಡಿತ. ಓಟ ನಿಂತಿತ್ತು.

ಡಾಕ್ಟರು ಎರಡು ಕಾಗದಗಳನ್ನು ನನ್ನ ಮುಂದೆ ಇಟ್ಟರು. ಒಂದು, ಓಡುವಾಗ ತೆಗೆದದ್ದು. ಗೆರೆಗಳು ಒಂದರ ಮೇಲೊಂದು ಬಿದ್ದಂತೆ ಒತ್ತೊತ್ತಾಗಿದ್ದವು. ಇನ್ನೊಂದು ನಿಂತ ಮೇಲಿನದು, ಬಿಡಿಬಿಡಿಯಾಗಿ. ದಿನವಿಡೀ ಬೇರೆಯವರ ಕಾಗದಗಳನ್ನು ನೋಡುವವಳು ನಾನು. ಆ ಒಂದು ಕಾಗದವನ್ನು ಕೈಗೆ ತೆಗೆದುಕೊಂಡು ಗೆರೆಗಳ ಮೇಲೆ ಬೆರಳು ಎಳೆಯುತ್ತಾ ಹೋದೆ.

"ಶುರುವಾಗುವುದು ಒಮ್ಮೆಗೇನಾ? ನಿಲ್ಲುವುದೂ ಒಮ್ಮೆಗೇನಾ?" ಎಂದು ಅವರು ಕೇಳಿದರು. ಹೌದೆಂದೆ. ಅದು ಹೇಗೆ ಬಡಿಯುತ್ತದೆ, ಮೇಜಿನ ಮೇಲೆ ಬೆರಳಿನಿಂದ ಬಡಿದು ತೋರಿಸಿ ಅಂದರು. ತೋರಿಸಿದೆ. ಅಷ್ಟು ದಿನ ಯಾರೂ ಹಾಗೆ ಕೇಳಿರಲಿಲ್ಲ. ಗಾಬರಿಯಾದಾಗ ಎದೆ ಮೆಲ್ಲಗೆ ಏರುತ್ತದೆ, ಮೆಲ್ಲಗೆ ಇಳಿಯುತ್ತದೆ; ಇದು ಹಾಗಲ್ಲ, ಇದು ಎದೆಯ ಕರೆಂಟಿನ ತೊಂದರೆ, ನಿಮ್ಮ ಮನಸ್ಸಿನದ್ದಲ್ಲ ಎಂದರು. ಹೆಚ್ಚಾಗಿ ಪ್ರಾಣಕ್ಕೆ ಅಪಾಯವಿಲ್ಲ, ಆದರೆ ಇಷ್ಟು ಹೊತ್ತು ನಿಲ್ಲದೆ ಓಡಿದರೆ, ತಲೆ ಸುತ್ತಿದರೆ, ಎದೆ ನೋವು ಬಂದರೆ ಮನೆಯಲ್ಲಿ ಕಾಯುತ್ತಾ ಕೂರಬಾರದು ಎಂದೂ ಹೇಳಿದರು.

ಕೊನೆಗೆ ಕೇಳಿದರು, "ಜೊತೆಯಲ್ಲಿ ಯಾರು ಬಂದಿದ್ದಾರೆ?"

"ಯಾರೂ ಇಲ್ಲ."

ಹಾಗಾದರೆ ಬಾಗಿಲಾಚೆಯ ಬೆಂಚಿನಲ್ಲಿ ಮಧ್ಯಾಹ್ನದವರೆಗೆ ಕುಳಿತಿದ್ದು ಹೋಗಿ ಅಂದರು. ಕುಳಿತೆ. ಕಾಗದ ಮಡಿಲಲ್ಲಿತ್ತು. ಯಾರಿಗಾದರೂ ತೋರಿಸಬೇಕು ಅನ್ನಿಸಿತು. ಫೋಟೋ ತೆಗೆದು ಗಂಡನಿಗೆ ಕಳಿಸಿದೆ. ಅವರಿದ್ದ ಕಡೆ ಸಿಗ್ನಲ್ ಇರಲಿಲ್ಲ, ಸಂಜೆಯವರೆಗೂ ಅದು ತಲುಪಲಿಲ್ಲ.

ಆ ಲೇಡಿ ಡಾಕ್ಟರೇ ಚೀಟಿ ಬರೆದು ನನ್ನನ್ನು ಸೇಲಂನ ಹೃದಯದ ಡಾಕ್ಟರ ಬಳಿಗೆ ಕಳಿಸಿದರು. ಸೇಲಂ ಡಾಕ್ಟರು ಆ ಚೀಟಿಯ ಹಿಂದೆ ಚಿತ್ರ ಬರೆದು ವಿವರಿಸಿದರು. ಎದೆಯ ಮೇಲಿನ ಭಾಗದಿಂದ ಕೆಳಗಿನ ಭಾಗಕ್ಕೆ ಕರೆಂಟು ಇಳಿಯಲು ನಡುವೆ ಒಂದು ದಾರಿ ಇರುತ್ತದೆ. ಕೆಲವರಿಗೆ ಅಲ್ಲಿ ಹುಟ್ಟಿನಿಂದಲೇ ಎರಡು ದಾರಿ. ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಯಾವಾಗಲೋ ಒಂದು ಬಡಿತ ಹೊತ್ತಿಗೆ ಮುಂಚೆ ಬಂದರೆ, ಕರೆಂಟು ಒಂದರಲ್ಲಿ ಇಳಿದು, ಇನ್ನೊಂದರಲ್ಲಿ ಹತ್ತಿ, ಅಲ್ಲಲ್ಲೇ ಸುತ್ತತೊಡಗುತ್ತದೆ. ಸುತ್ತು ಮುರಿಯುವವರೆಗೂ ಎದೆ ಓಡುತ್ತದೆ. ಮಾತ್ರೆಯಿಂದ ತಡೆಯಬಹುದು, ಇಲ್ಲವೇ ತೊಡೆಯ ಸಂದಿನ ರಕ್ತನಾಳದಿಂದ ವೈರು ಕಳಿಸಿ ಆ ಹೆಚ್ಚಿನ ದಾರಿಯನ್ನು ಸುಟ್ಟುಬಿಡಬಹುದು.

"ಹುಟ್ಟಿನಿಂದಲೇನಾ ಸಾರ್?"

"ಹೌದು."

"ಒಬ್ಬಳೇ ಇರೋದಕ್ಕೆ ಬಂದದ್ದಲ್ವಾ?"

ಅವರು ನಕ್ಕರು. "ಮದುವೆ ಮನೆಯಲ್ಲಿದ್ದರೂ ಬರುತ್ತದೆ" ಅಂದರು.

ಸುಟ್ಟುಬಿಡಿ ಅಂದೆ. ದಿನ ಗೊತ್ತು ಮಾಡಿದರು. ಜೊತೆಗೆ ಒಬ್ಬರು ಇರಲೇಬೇಕು, ಸಹಿ ಹಾಕಬೇಕು, ಆಮೇಲೆ ನೋಡಿಕೊಳ್ಳಬೇಕು ಎಂದು ಕೌಂಟರಿನಲ್ಲಿ ಹೇಳಿದರು. ಮಗನಿಗೆ ಪರೀಕ್ಷೆ. ಗಂಡನಿಗೆ ಫೋನು ಮಾಡಿದೆ. ಅವರು ಆ ಕಾಗದದ ಫೋಟೋ ನೋಡಿದ್ದರು. "ಬತ್ತೀನಿ" ಅಂದರು. ಮರುದಿನ ಅವರೇ ಫೋನು ಮಾಡಿ, ಲಾರಿ ಕಾಡಿನೊಳಗೆ ಸಿಕ್ಕಿಕೊಂಡಿದೆ, ಟ್ರೈನು ಸಿಕ್ಕರೂ ಆ ದಿನಕ್ಕೆ ತಲುಪುವುದಿಲ್ಲ ಅಂದರು. ದನಿ ಕುಗ್ಗಿತ್ತು. "ನಾ ಒಬ್ರನ್ನ ಕಳಿಸ್ತೀನಿ" ಅಂದರು. ಯಾರೆಂದು ಹೇಳಲಿಲ್ಲ.

ಆ ಬೆಳಿಗ್ಗೆ ಸೇಲಂ ಆಸ್ಪತ್ರೆಯ ಮೆಟ್ಟಿಲ ಮೇಲೆ ಅತ್ತಿಗೆ ಕುಳಿತಿದ್ದರು. ಪಕ್ಕದಲ್ಲಿ ಬಟ್ಟೆಯ ಗಂಟು, ಊಟದ ಕ್ಯಾರಿಯರು. ಕುರಿಗಳನ್ನು ಯಾರಿಗೆ ಬಿಟ್ಟು ಬಂದರೋ, ಎಷ್ಟು ಹೊತ್ತಿಗೆ ಎದ್ದು ಹೊರಟರೋ. ನನ್ನನ್ನು ನೋಡಿ ಎದ್ದರು.

"ಎಲ್ಲಿ ಸೈನ್ ಆಕ್ಬೇಕು?" ಅಂದರು. ಅಷ್ಟೇ.

ಕೌಂಟರಿನಲ್ಲಿ ಹೆಬ್ಬೆಟ್ಟು ಒತ್ತಿದರು. ನನ್ನ ಬಳೆ, ತಾಳಿ, ಕಾಲುಂಗುರ ಬಿಚ್ಚಿಸಿ ತಮ್ಮ ಸೆರಗಿನಲ್ಲಿ ಗಂಟು ಹಾಕಿಕೊಂಡರು. ಒಳಗೆ ಕರೆದೊಯ್ಯುವಾಗ ನನ್ನ ಜೊತೆ ಬಾಗಿಲವರೆಗೂ ನಡೆದು ಬಂದರು.

ಒಳಗೆ ವಿಪರೀತ ಚಳಿ. ತೊಡೆಯ ಸಂದಿಗೆ ಮರಗಟ್ಟುವ ಸೂಜಿ ಕೊಟ್ಟರು. ಎಚ್ಚರವಾಗಿಯೇ ಇದ್ದೆ. ವೈರುಗಳು ಒಳಗೆ ಹೋಗುವುದು ಗೊತ್ತಾಗಲಿಲ್ಲ. ಪಕ್ಕದಲ್ಲಿ ದೊಡ್ಡ ಪರದೆಗಳ ತುಂಬ ಬಣ್ಣದ ಗೆರೆಗಳು. "ಈಗ ನಾವೇ ಅದನ್ನು ಬರಿಸುತ್ತೇವೆ, ಹೆದರಬೇಡಿ" ಎಂದು ಡಾಕ್ಟರು ಹೇಳಿದರು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಎದೆಯಲ್ಲಿ ಆ ತಪ್ಪಿದ ಮೆಟ್ಟಿಲು, ಓಟ, ಕುತ್ತಿಗೆಯಲ್ಲಿ ಹೊಡೆತ.

"ಅಮ್ಮಾ, ಇದುದಾನಾ?" ಇದೇನಾ ಎಂದು ಕೇಳಿದರು.

"ಇದೇ," ಎಂದು ಕನ್ನಡದಲ್ಲೇ ಅಂದೆ. "ಇದೇ, ಇದೇ."

ಆ ಕೋಣೆಯಲ್ಲಿದ್ದವರೆಲ್ಲ ಪರದೆ ನೋಡುತ್ತಿದ್ದರು. ನನ್ನೊಳಗೆ ಆಗುತ್ತಿದ್ದುದನ್ನು ಆಗುತ್ತಿದ್ದ ಹೊತ್ತಿನಲ್ಲೇ ಅಷ್ಟು ಜನ ನೋಡುತ್ತಿದ್ದರು. ಕಣ್ಣಿನ ತುದಿಯಿಂದ ನೀರು ಕಿವಿಯೊಳಗೆ ಇಳಿಯಿತು. ನರ್ಸು ನೋವಾಗುತ್ತಿದೆಯಾ ಎಂದು ಕೇಳಿದಳು. ಇಲ್ಲ ಅಂದೆ. ಸ್ವಲ್ಪ ಹೊತ್ತಿಗೆ ಎದೆಯ ಒಳಗೆ ಮಂದವಾದ ಬಿಸಿ. ಆಮೇಲೆ ಡಾಕ್ಟರು ಎಷ್ಟೋ ಸಲ ಅದನ್ನು ಮತ್ತೆ ಬರಿಸಲು ನೋಡಿದರು. ಬರಲಿಲ್ಲ.

ವಾರ್ಡಿನಲ್ಲಿ ಸಂಜೆಯವರೆಗೆ ಕಾಲು ಮಡಿಸದೆ ಅಂಗಾತ ಮಲಗಿರಬೇಕಿತ್ತು. ಅತ್ತಿಗೆ ಸ್ಟೂಲು ಎಳೆದುಕೊಂಡು ಕುಳಿತರು. ಕ್ಯಾರಿಯರು ತೆಗೆದು ಅನ್ನ ಸಾರು ಕಲಸಿ ಚಮಚದಲ್ಲಿ ಬಾಯಿಗಿಟ್ಟರು. ನಾಲ್ಕು ತುತ್ತು ತಿನ್ನಿಸಿದ ಮೇಲೆ ಮಾತು ತೆಗೆದರು.

"ಆ ಡಾಕ್ಟ್ರು ಆಚೆ ಬಂದು ನಂಗೂ ತೋರ್ಸಿದ್ರು, ಗೀಟು ಗೀಟಾಗಿ ಇರ್ತದಲ್ಲಾ, ಅದ. ಇಂಗೆ ಓಡ್ತಿತ್ತಮ್ಮಾ ಅಂದ್ರು."

"ಹೂಂ."

"ನೀನು ಏಳ್ದಂಗೇ ಐತೆ."

ನಾನು ಅವರ ಕಡೆ ನೋಡಿದೆ. ಅವರು ಅನ್ನದ ಕಡೆ ನೋಡುತ್ತಿದ್ದರು.

"ನಂಗೂ ಒಡ್ಕೊಂತದೆ ಕಣಮ್ಮಿ," ಅಂದರು. "ನಮ್ಮನೆಯೋರು ತೀರ್ಕೊಂಡ ಮೇಲಿಂದ. ಬೆಟ್ಟ ಅತ್ತುವಾಗ ದಡದಡಾಂತ. ಕುಂತ್ರೆ ಮೆಲ್ಗೆ ತಣ್ಗಾಗ್ತದೆ. ಯಾರತ್ರ ಏಳ್ಲಿ? ಕುರಿಗೇಳ್ಲಾ? ಎಲ್ರಿಗೂ ಇಂಗೇ ಇರ್ತೈತೆ ಅಂದ್ಕೊಂಡಿದ್ದೆ. ಅವತ್ತು ನೀನು ಎದೆ ಇಡ್ಕೊಂಡು ಕುಂತಾಗ, ಇವ್ಳಿಗೆ ಕೇಳೋಕೆ ಒಬ್ಬ ಅವ್ನೆ, ನಂಗ್ಯಾರವ್ರೆ ಅನ್ನಿಸ್ಬಿಡ್ತು."

ಅವರ ಕೈ ಹಿಡಿಯಬೇಕೆನ್ನಿಸಿತು. ಅವರ ಕೈಯಲ್ಲಿ ಚಮಚವಿತ್ತು.

"ನೀವೂ ತೋರ್ಸ್ಕೋಬೇಕು ಅತ್ತಿಗೆ" ಅಂದೆ.

"ಮೊದ್ಲು ಉಣ್ಣು" ಅಂದರು.

ತೋರಿಸಿದೆ. ನಾನು ಚೇತರಿಸಿಕೊಂಡ ಮೇಲೆ ಪಾಲಕೋಡಿನ ಅದೇ ವಯಸ್ಸಾದ ಡಾಕ್ಟರ ಬಳಿಗೆ ಅವರನ್ನು ಕರೆದೊಯ್ದೆ. ಮೆಲ್ಲಗೆ ಏರುತ್ತದೆ, ಮೆಲ್ಲಗೆ ಇಳಿಯುತ್ತದೆ, ಬೆಟ್ಟ ಹತ್ತುವಾಗ ಮಾತ್ರ ಬರುತ್ತದೆ ಎಂದು ನಾನೇ ಬಿಡಿಸಿ ಹೇಳಿದೆ. ಅತ್ತಿಗೆಯ ರೆಪ್ಪೆಯ ಒಳಭಾಗ ನೋಡಿದ ಕೂಡಲೇ ಡಾಕ್ಟರು ರಕ್ತ ಪರೀಕ್ಷೆಗೆ ಬರೆದರು. ರಕ್ತ ತೀರಾ ಕಡಿಮೆಯಿತ್ತು. ಇರುವ ಸ್ವಲ್ಪ ರಕ್ತವನ್ನೇ ಮೈಗೆಲ್ಲ ಸುತ್ತಿಸಲು ಎದೆ ಅಷ್ಟು ಬಡಿದುಕೊಳ್ಳುತ್ತಿದೆ ಎಂದರು. ಯಾಕೆ ಕಡಿಮೆಯಾಯಿತೆಂದು ಬೇರೆ ಪರೀಕ್ಷೆಗಳನ್ನೂ ಮಾಡಿಸಿದರು. ಹೊಟ್ಟೆಯ ಹುಳುವಿಗೆ ಔಷಧಿ, ಕಬ್ಬಿಣದ ಮಾತ್ರೆ. ಕೆಲವು ತಿಂಗಳಲ್ಲಿ ಅತ್ತಿಗೆಯ ಬಡಿತ ಇಳಿಯಿತು. ಇಬ್ಬರದೂ ಎದೆ ಬಡಿತವೇ, ಕಾರಣ ಬೇರೆ ಬೇರೆ.

ಆ ತಿಂಗಳುಗಳಲ್ಲಿ ಮಾತ್ರೆ ತೆಗೆದುಕೊಳ್ಳಲು ಬಂದಾಗಲೆಲ್ಲ ಅವರು ಅಂಗಡಿಗೆ ಬರುತ್ತಿದ್ದರು. ಕಾಗದ ಕತ್ತರಿಸುವ ಮೇಜಿನ ಪಕ್ಕ ಕುಳಿತು ಜೋರಾಗಿ ಕನ್ನಡದಲ್ಲಿ ಮಾತಾಡುತ್ತಿದ್ದರು. ಬಂದ ಜನ ತಿರುಗಿ ನೋಡುತ್ತಿದ್ದರು. ಮಾತ್ರೆ ಮುಗಿದ ಮೇಲೆ ಬರುವುದು ನಿಂತಿತು. ಬರಲು ಕಾರಣವಿರಲಿಲ್ಲ.

ನನಗೆ ಆ ಓಟ ಮತ್ತೆ ಬಂದಿಲ್ಲ. ಒಮ್ಮೊಮ್ಮೆ ಒಂದು ಬಡಿತ ತಪ್ಪಿದಂತಾಗುತ್ತದೆ, ಮೈಯೆಲ್ಲ ಕಿವಿಯಾಗಿ ಕಾಯುತ್ತೇನೆ, ಏನೂ ಆಗುವುದಿಲ್ಲ. ಅಂಥ ಬಿಡಿ ಬಡಿತ ಎಲ್ಲರಿಗೂ ಇರುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಚಿಲಕ ಹಾಕಿಕೊಂಡು ಮಲಗುತ್ತೇನೆ. ಗಂಡ ಬರುತ್ತಾರೆ, ಹೋಗುತ್ತಾರೆ. ಒಂಟಿತನ ಹೋಗಿಲ್ಲ. ಅದಕ್ಕೂ ಎದೆಯ ಆ ಹೆಚ್ಚಿನ ದಾರಿಗೂ ಸಂಬಂಧವೇ ಇರಲಿಲ್ಲ, ಎಲ್ಲರೂ ಸೇರಿ ಅವೆರಡನ್ನೂ ಒಂದೇ ಮಾಡಿದ್ದರು, ನಾನೂ ಸೇರಿ. ಈಗ ಒಂದು ಹೋಗಿ ಇನ್ನೊಂದು ಉಳಿದಿದೆ. ಉಳಿದದ್ದಕ್ಕೆ ಯಾವ ಕಾಗದದ ಮೇಲೂ ಗೆರೆ ಬೀಳುವುದಿಲ್ಲ.

ಹೋದ ಭಾನುವಾರ ಬಸ್ಸು ಹತ್ತಿ ಅತ್ತಿಗೆಯ ಹಳ್ಳಿಗೆ ಹೋದೆ. ಬಾಗಿಲು ಹಾಕಿತ್ತು. ಕುರಿ ಹೊಡೆದುಕೊಂಡು ಬೆಟ್ಟದಾಚೆ ಹೋಗಿದ್ದಾರೆ, ಬರುವುದು ಎರಡು ದಿನವಾಗುತ್ತದೆ ಎಂದು ಪಕ್ಕದ ಮನೆಯವರು ಹೇಳಿದರು. ಫೋನು ಸಿಗಲಿಲ್ಲ. ಜಗುಲಿಯ ಮೇಲೆ ಕುಳಿತೆ. ಪಕ್ಕದ ಮನೆಯವರು ನೀರು ಕೊಟ್ಟರು. ಬಿಸಿಲು ಇಳಿಯುವವರೆಗೆ ಕುಳಿತಿದ್ದು, ತಂದಿದ್ದ ಬಾಳೆಹಣ್ಣನ್ನು ಅವರ ಕೈಗೆ ಕೊಟ್ಟು ಕೊನೆಯ ಬಸ್ಸಿಗೆ ಮುಂಚೆ ಹೊರಟೆ.

ಮಂಗಳವಾರ ಅಂಗಡಿಯಲ್ಲಿದ್ದಾಗ ಅವರ ಫೋನು ಬಂತು.

"ಬಂದಿದ್ಯಂತೆ. ಯಾಕೆ, ಮತ್ತೆ ಒಡ್ಕೊಂತಾ?"

"ಇಲ್ಲ ಅತ್ತಿಗೆ. ಸುಮ್ನೆ ಬಂದಿದ್ದೆ."

"ಸುಮ್ನೆ ಅಂದ್ರೆ?"

ಎದುರಿಗೆ ಯಾರೋ ಕಾಗದ ಚಾಚಿ ನಿಂತಿದ್ದರು.

"ಸುಮ್ನೆ ಅಂದ್ರೆ ಸುಮ್ನೆ" ಅಂದೆ.

ಆ ಕಡೆ ಕುರಿಗಳು ಅರಚುತ್ತಿದ್ದವು.

"ಮುಂದಿನ ಸಲ ಬರೋ ಮುಂಚೆ ನಂಗೇಳು," ಅಂದರು, "ನಾನೂ ಸುಮ್ನೆ ಮನೇಲಿರ್ತೀನಿ."